ದೊಡ್ಡಪ್ಪನ ತೂಕ

ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದ ನಮ್ಮ ದೊಡ್ಡಪ್ಪ ಜೀವಮಾನದಲ್ಲಿ ತೂಕದ ಮೋಸ ಮಾಡಿದ್ದು ಒಂದೇ ಒಂದು ಸರಕಿಗೆ. ಆ ಸರಕು ಸ್ವತಃ ಅವರೇ!

ಎಂಬತ್ತರ ದಶಕ. ಬೀಡಿ ಸೇದಿ ಸೇದಿ ಅವರ ಶ್ವಾಸಕೋಶಕ್ಕೆ ಕ್ಯಾನ್ಸರ್ ಆಗಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ‘ಕರೆಂಟ್ ಕೊಡಬೇಕು’ ಎಂದರು. ವಿಕಿರಣ ಚಿಕಿತ್ಸೆಗೆ ಎಲ್ಲರೂ ಹೇಳುವ ಹೆಸರೇ ಅದು. ಆದರೆ ದೊಡ್ಡಪ್ಪನಿಗೆ ಗೊತ್ತಿದ್ದ ಕರೆಂಟು ಪಂಚನಹಳ್ಳಿ ತೋಟದ ಪಂಪ್‌ಸೆಟ್ಟಿನದು. ತ್ರೀ ಫೇಸೋ ಸಿಂಗಲ್ ಫೇಸೋ ಎಂದು ವಿಚಾರಿಸಿದರು. ಡಾಕ್ಟರು ನಕ್ಕರು. ಆ ನಗು ನೋಡಿ ಅನುಮಾನ ಬಂದು, ಹೊಸ ಹವಾಯಿ ಚಪ್ಪಲಿ ಕೊಂಡು ತಂದರು. ಚಪ್ಪಲಿ ಬಿಚ್ಚದೆ ಮೆಷಿನ್ನಿನ ಕೆಳಗೆ ಮಲಗಿದ ಮೊದಲ ರೋಗಿ ಅವರೇ ಇರಬೇಕು! ಹೊರಬಂದವರು, ಷಾಕ್ ಹೊಡೆಯದಿದ್ದುದು ರಬ್ಬರಿನ ಮಹಿಮೆ ಎಂದು ಜೊತೆಗೆ ಹೋಗಿದ್ದ ನನಗೆ ವಿವರಿಸಿದರು.

ನಾವು ಇಳಿದುಕೊಂಡಿದ್ದು ಒಂದು ಮಠದ ಛತ್ರದಲ್ಲಿ. ದೊಡ್ಡಮ್ಮ ಅಲ್ಲೇ ಸ್ಟೌ ಹಚ್ಚಿ ಮುದ್ದೆ ತಿರುವುತ್ತಿದ್ದರು. ಕೆಲವು ವಾರಗಳಲ್ಲಿ ದೊಡ್ಡಪ್ಪನ ಗಂಟಲು ಉರಿಯತೊಡಗಿತು, ಮುದ್ದೆ ಇಳಿಯದಾಯಿತು. ತೂಕ ಹೀಗೇ ಇಳಿದರೆ ಕರೆಂಟನ್ನು ನಡುವೆಯೇ ನಿಲ್ಲಿಸಬೇಕಾದೀತು, ಗಂಜಿ ಕುಡಿಯಿರಿ ಎಂದರು ಡಾಕ್ಟರು. ಆದರೆ ಗಂಜಿ ಎಂದರೆ ಪಂಚೆಗೆ ಹಾಕುವ ವಸ್ತು ಎಂಬುದು ದೊಡ್ಡಪ್ಪನ ಸಿದ್ಧಾಂತ! ಒಂದು ತುತ್ತು ಮುದ್ದೆಯ ಮುಂದೆ ಕೂತು, ನೀರು ಕುಡಿದು, ಕೊನೆಗೆ ಕೈ ತೊಳೆದು ಏಳುತ್ತಿದ್ದರು.

ಆದರೂ ಪವಾಡ ನೋಡಿ, ವಾರ ವಾರದ ತೂಕ ಇಳಿಯಲೇ ಇಲ್ಲ! ಡಾಕ್ಟರಿಗೆ ಖುಷಿ, ನನಗೆ ಆಶ್ಚರ್ಯ.

ಒಂದು ಸೋಮವಾರ ದೊಡ್ಡಪ್ಪ ತೂಕದ ಯಂತ್ರ ಹತ್ತಿದರು. ಸೊರಗಿದ ಸೊಂಟದಲ್ಲಿ ಪಂಚೆಯೊಳಗಿನ ಪಟ್ಟೆ ಚಡ್ಡಿ ಎಷ್ಟು ಹೊತ್ತು ನಿಂತೀತು? ಲಾಡಿ ಸಡಿಲಿತು. ಜೇಬಿನಲ್ಲಿದ್ದ, ಮಂಡಿಯಿಂದ ತಂದ ಎರಡು ಕೆಜಿಯ ತೂಕದ ಕಲ್ಲು ಠಣ್ಣೆಂದು ನೆಲಕ್ಕೆ ಬಿತ್ತು!

ಡಾಕ್ಟರು ಗದರಲಿಲ್ಲ. ಕಲ್ಲನ್ನು ಎತ್ತಿ ಮೇಜಿನ ಮೇಲಿಟ್ಟು, ಹೀಗೇಕೆ ಮಾಡಿದಿರಿ ಎಂದು ಕೇಳಿದರು. ದೊಡ್ಡಪ್ಪ ಪಂಚೆ ಸರಿಮಾಡಿಕೊಂಡು ದೊಡ್ಡಮ್ಮನ ಕಡೆ ಕೈ ತೋರಿಸಿದರು.

“ನನ್ ತೂಕ ಇಳೀತು ಅಂದ್ರೆ ಇವ್ಳು ಊಟ ಬಿಡ್ತಾಳೆ ಕಣ್ರೀ ಡಾಕ್ಟ್ರೇ. ಈಗ್ಲೇ ಅರ್ಧ ಬಿಟ್ಟಿದ್ದಾಳೆ. ಮೊದ್ಲು ಇವ್ಳನ್ನ ತೂಗಿ.”

ದೊಡ್ಡಮ್ಮ ಬೇಡ ಬೇಡವೆನ್ನುತ್ತಲೇ ಯಂತ್ರ ಹತ್ತಿದರು. ಅವರ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದುದು ನನಗೆ ಆಗಷ್ಟೇ ಕಂಡಿತು. ಡಾಕ್ಟರು ಮುಳ್ಳು ನೋಡಿದರು. ದೊಡ್ಡಪ್ಪ ಒಂದು ವಾರ ಗಂಜಿ ಕುಡಿದು ತೂಕ ಉಳಿಸಿಕೊಂಡರೆ ಕರೆಂಟು ಮುಂದುವರಿಸುವುದಾಗಿ ಒಪ್ಪಿದರು.

ಅವತ್ತು ಛತ್ರದಲ್ಲಿ ದೊಡ್ಡಪ್ಪ ಗಂಜಿಯ ಲೋಟವನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತರು. ದೊಡ್ಡಮ್ಮನೂ ಎದುರು ಕೂತು ಮುದ್ದೆ ಉಣ್ಣಬೇಕಂತೆ, ಆಮೇಲೇ ಅವರು ಲೋಟ ಎತ್ತುವುದಂತೆ. ಇದೆಂಥ ಹಟ ಎಂದು ದೊಡ್ಡಮ್ಮ ಗೊಣಗಿದರು.

“ನಿನ್ ಗಂಟ್ಲಲ್ಲಿ ಇಳಿದ್ರೆ ನಂಗೂ ಇಳಿದಂಗೆ ಕಣೇ,” ಎಂದರು ದೊಡ್ಡಪ್ಪ.

ದೊಡ್ಡಮ್ಮ ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು. ಅದು ಇಳಿಯುವುದನ್ನು ಕಣ್ಣಾರೆ ನೋಡಿ, ದೊಡ್ಡಪ್ಪ ಒಂದು ಗುಟುಕು ಗಂಜಿ ಕುಡಿದರು. ಹೀಗೆ ತುತ್ತಿಗೊಂದು ಗುಟುಕಿನಂತೆ ಲೋಟ ಖಾಲಿಯಾಯಿತು. ಕರೆಂಟೂ ಪೂರ್ತಿ ಆಯಿತು, ಕಲ್ಲಿನ ಸಹಾಯವಿಲ್ಲದೆ.

ಊರಿಗೆ ಮರಳಿದ ಮೇಲೆ ದೊಡ್ಡಪ್ಪ ಬಹಳ ಕಾಲ ಉಳಿಯಲಿಲ್ಲ. ಇದ್ದಷ್ಟು ದಿನ ಇಬ್ಬರೂ ಹಾಗೆಯೇ ಎದುರುಬದುರು ಕೂತು ಉಂಡರು. ಈಗಲೂ ದೊಡ್ಡಮ್ಮ ಮುದ್ದೆಯ ಮೊದಲ ತುತ್ತು ಮುರಿದು, ಒಮ್ಮೆ ತಲೆಯೆತ್ತಿ ಎದುರಿನ ಖಾಲಿ ಜಾಗ ನೋಡುತ್ತಾರೆ. ಆಮೇಲೆ ಸಾರಿನಲ್ಲಿ ಅದ್ದಿ ನುಂಗುತ್ತಾರೆ.