ಸದರಿ ಗೂಬೆಗೆ ಸಾಕ್ಷಿ

ನಮ್ಮ ಭಾವನ ಮಟ್ಟಿಗೆ, ಸಾಕ್ಷಿಯಿಲ್ಲದೆ ಹಾರಿದ ಹಕ್ಕಿ ಹಾರಿಯೇ ಇಲ್ಲ! ನೀವು ನಗಬಹುದು. ಅವರ ಮನೆ ಸೇರುವವರೆಗೆ ನಾನೂ ನಗುತ್ತಿದ್ದೆ. ಎಂಬತ್ತರ ದಶಕದ ಆರಂಭದಲ್ಲಿ ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ, ಜಯನಗರದಲ್ಲಿ ಅಕ್ಕ-ಭಾವ ಇದ್ದ ಬಾಡಿಗೆ ಮನೆಯಲ್ಲಿ ಹಾಸಿಗೆ ಬಿಚ್ಚಿದೆ. ಮರುದಿನ ಬೆಳಿಗ್ಗೆ ಆರಕ್ಕೆ ಭಾವ ನನ್ನನ್ನು ಎಬ್ಬಿಸಿ, ಹಿತ್ತಲಿನ ನುಗ್ಗೆ ಮರದ ಕೆಳಗೆ ನಿಲ್ಲಿಸಿ, ಏನು ಕಾಣಿಸುತ್ತಿದೆ ಎಂದು ಕೇಳಿದರು. ನುಗ್ಗೆಕಾಯಿ ಎಂದೆ. ಆ ಒಂದು ಉತ್ತರಕ್ಕೆ ಮೂರು ತಿಂಗಳು ನಾನು ಸಾಕ್ಷಿಯಾಗಲು ಅನರ್ಹನಾದೆ.

ಭಾವ ನೋಂದಣಿ ಕಚೇರಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಊರಿನವರ ಮನೆ, ನಿವೇಶನ, ತೋಟಗಳ ಕ್ರಯಪತ್ರಗಳನ್ನು ದಪ್ಪ ಪುಸ್ತಕಕ್ಕೆ ಏರಿಸುವುದು ಅವರ ಕೆಲಸ. ಉಳಿದ ಹೊತ್ತಿನಲ್ಲಿ ಹಕ್ಕಿ ನೋಡುವುದು ಅವರ ಹುಚ್ಚು. ಕೆಲಸ ಒಂದು ಕಡೆ, ಹುಚ್ಚು ಒಂದು ಕಡೆ ಇದ್ದಿದ್ದರೆ ಯಾರಿಗೇನು ತೊಂದರೆ? ಇವರು ಎರಡನ್ನೂ ಬೆರೆಸಿಬಿಟ್ಟಿದ್ದರು. ಮನೆಯಲ್ಲಿ ಕೆಂಪು ರಟ್ಟಿನ ಒಂದು ರಿಜಿಸ್ಟರ್ ಇತ್ತು. ಅದರಲ್ಲಿ ಪ್ರತಿ ಹಕ್ಕಿಗೂ ಒಂದು ಪುಟ, ಪ್ರತಿ ಪುಟಕ್ಕೂ ಚೆಕ್ಕುಬಂದಿ! ಸದರಿ ಮರಕುಟಿಗಕ್ಕೆ ಪೂರ್ವಕ್ಕೆ ಹೊಂಗೆಮರ, ಪಶ್ಚಿಮಕ್ಕೆ ಹಿಟ್ಟಿನ ಗಿರಣಿ, ಉತ್ತರಕ್ಕೆ ಸರ್ಕಾರಿ ರಸ್ತೆ, ದಕ್ಷಿಣಕ್ಕೆ ಪಕ್ಕದ ಮನೆಯವರ ಬಟ್ಟೆ ಒಣಗಿಸುವ ತಂತಿ. ಕೆಳಗೆ ಬಲಗಡೆ ಭಾವನ ಸಹಿ, ಎಡಗಡೆ ಸಾಕ್ಷಿಯ ಸಹಿ. ಸಾಕ್ಷಿ ಸಿಗದಿದ್ದರೆ ಮರಕುಟಿಗ ತನ್ನ ಪಾಡಿಗೆ ಮರ ಕುಟ್ಟಿಕೊಂಡಿರಬೇಕು, ಅಷ್ಟೇ.

ಸಾಕ್ಷಿ ಹೇಳುವುದೆಂದರೆ ಸುಮ್ಮನೆ ಗೀಚುವುದೂ ಅಲ್ಲ. ಭಾವ ಪಾಟೀಸವಾಲು ಹಾಕುತ್ತಿದ್ದರು. ಎದುರು ಮನೆಯ ಮೇಷ್ಟ್ರು ಪಾಪ, ಒಂದು ಲೋಟ ಕಾಫಿಯ ಆಸೆಗೆ ಮಿಂಚುಳ್ಳಿಗೆ ಸಾಕ್ಷಿಯಾಗಲು ಬಂದರು. ಕಾಲು ಯಾವ ಬಣ್ಣ ಎಂದು ಭಾವ ಕೇಳಿದರು. ಮೇಷ್ಟ್ರು ಕಾಫಿ ಗುಟುಕರಿಸಿ, ಹಳದಿ ಇರಬೇಕು ಎಂದರು. ಅದು ಕೆಂಪು! ಮಿಂಚುಳ್ಳಿಯೂ ಹೋಯಿತು, ಮೇಷ್ಟ್ರ ಮರ್ಯಾದೆಯೂ ಹೋಯಿತು. ಆಮೇಲೆ ತಿಂಗಳುಗಟ್ಟಲೆ ಅವರು ನಮ್ಮ ಗೇಟಿನ ಮುಂದೆ ತಲೆ ತಗ್ಗಿಸಿ ನಡೆಯುತ್ತಿದ್ದರು.

ಹೀಗಾಗಿ ಬೇರೆ ಹಕ್ಕಿಹುಚ್ಚರು ಒಂದು ಚಳಿಗಾಲದಲ್ಲಿ ನೋಡಿ ಮುಗಿಸುವ ನೂರು ಹಕ್ಕಿಗಳಿಗೆ ನಮ್ಮ ಭಾವನಿಗೆ ಹದಿನೆಂಟು ವರ್ಷ ಹಿಡಿಯಿತು. ಅಲ್ಲ, ಹಿಡಿದೂ ಆಗಲಿಲ್ಲ. ತೊಂಬತ್ತೊಂಬತ್ತಕ್ಕೆ ನಿಂತಿತ್ತು. ಆ ತೊಂಬತ್ತೊಂಬತ್ತನೆಯದು ಹುಳಿಮಾವು ಕೆರೆಯ ಒಂದು ಬಾತುಕೋಳಿ. ಅದಕ್ಕೆ ಸಾಕ್ಷಿ ಅಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬ ಮುದುಕ. ಪ್ರಶ್ನೆಗಳಿಗೆಲ್ಲ ಸರಿಯುತ್ತರ ಕೊಟ್ಟ ಆತನಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಭಾವ ಆತನನ್ನು ಆಟೋದಲ್ಲಿ ಕೂರಿಸಿಕೊಂಡು ಜಯನಗರಕ್ಕೆ ಬಂದು, ಮನೆಯಲ್ಲಿ ಹೆಬ್ಬೆಟ್ಟು ಒತ್ತಿಸಿ, ಉಪ್ಪಿಟ್ಟು ತಿನ್ನಿಸಿ, ವಾಪಸು ಬಿಟ್ಟುಬಂದರು. ಅಂದಿನಿಂದ ಅವರ ಚೀಲದಲ್ಲಿ ದೂರದರ್ಶಕದ ಜೊತೆ ಒಂದು ಇಂಕ್ ಪ್ಯಾಡೂ ಕಾಯಂ ಆಯಿತು.

ಇಷ್ಟೆಲ್ಲ ಸಾಕ್ಷಿಗಳ ನಡುವೆ ಮನೆಯಲ್ಲೇ ಇದ್ದ ನಮ್ಮ ಅಕ್ಕನ ಸಹಿ ಮಾತ್ರ ಆ ರಿಜಿಸ್ಟರಿನಲ್ಲಿ ಒಂದೂ ಇರಲಿಲ್ಲ. ಅದಕ್ಕೆ ಕಾರಣ ಕುಮಾರಸ್ವಾಮಿ ಲೇಔಟು. ಅಲ್ಲಿ ಬಡಾವಣೆ ಆಗುತ್ತಿದ್ದ ಕಾಲಕ್ಕೆ, ಕೈಗೆಟುಕುವ ಒಂದು ಸೈಟಿದೆಯೆಂದು ಸಹೋದ್ಯೋಗಿಯೊಬ್ಬರು ಅದನ್ನು ತೋರಿಸಲು ಭಾವನನ್ನು ಕರೆದುಕೊಂಡು ಹೋಗಿದ್ದರು. ಅಕ್ಕ ದೇವರಿಗೆ ತುಪ್ಪದ ದೀಪ ಹಚ್ಚಿಟ್ಟು ಕಾದಿದ್ದಳು. ಮಧ್ಯಾಹ್ನ ಬಂದ ಭಾವ ಚಪ್ಪಲಿ ಬಿಡುತ್ತಾ, ಆ ಸೈಟು ಆಗುವುದಿಲ್ಲ, ಸ್ವಾಧೀನ ಬೇರೆಯವರದ್ದಿದೆ ಎಂದರಂತೆ. ಯಾರದ್ದು ಎಂದು ಅಕ್ಕ ಕೇಳಿದಳು. ಟಿಟ್ಟಿಭ ಹಕ್ಕಿಯದ್ದು, ನಾಲ್ಕು ಮೊಟ್ಟೆ ಇಟ್ಟಿದೆ, ಸೈಟಿನ ನಟ್ಟನಡುವೆ! ಮೊಟ್ಟೆಯೊಡೆದು ಮರಿ ಓಡಾಡುವಷ್ಟರಲ್ಲಿ ಸೈಟು ಇನ್ಯಾರದೋ ಹೆಸರಿಗಾಗಿತ್ತು. ಅದರ ಕ್ರಯಪತ್ರವನ್ನು ಪುಸ್ತಕಕ್ಕೆ ಏರಿಸಿದವರೂ ಭಾವನೇ! ಅಕ್ಕ ಕೂಗಾಡಲಿಲ್ಲ. ತನ್ನ ಸಹಿ ಬೇಕಿದ್ದರೆ ಸೈಟಿನ ಪತ್ರ ತನ್ನಿ, ಹಕ್ಕಿಯ ಪತ್ರಕ್ಕೆ ತಾನು ಕೈ ಹಾಕುವುದಿಲ್ಲ ಎಂದಳು. ಅದಾಗಿ ಹತ್ತು ವರ್ಷವಾದರೂ ಅವಳು ಮಾತು ತಪ್ಪಿರಲಿಲ್ಲ. ಹಕ್ಕಿ ತೋರಿಸಿದರೆ ಕತ್ತು ಆ ಕಡೆ ತಿರುಗಿಸುತ್ತಿದ್ದಳು. ಕಾಗೆಗೂ ಇದೇ ಶಿಕ್ಷೆ.

ನಾನು ಅವರ ಮನೆ ಸೇರಿ ಎಂಟು ವರ್ಷವಾಗಿತ್ತು, ಬರುವ ಮಾರ್ಚಿಗೆ ಭಾವನಿಗೆ ನಿವೃತ್ತಿ. ಡಿಸೆಂಬರ್ ಬಂದರೂ ನೂರನೆಯ ಹಕ್ಕಿಯ ಸುಳಿವಿಲ್ಲ. ಅದಕ್ಕೇನು, ನಿವೃತ್ತಿಯಾದ ಮೇಲೆ ನೋಡಿದರಾಯಿತು, ಹಕ್ಕಿಗೇನು ವಯಸ್ಸಿನ ಮಿತಿ ಇದೆಯೇ ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ.

"ಮೂವತ್ತು ವರ್ಷ ಬೇರೆಯವರ ಆಸ್ತೀನೇ ಬರೆದೆ ಕಣೋ," ಎಂದರು. "ನಂದು ಅಂತ ಇರೋದು ಇದೊಂದು ಪುಸ್ತಕ. ಕುರ್ಚಿ ಬಿಡೋದ್ರೊಳಗೆ ಇದನ್ನ ತುಂಬಿಸಿ ಮುಚ್ಚಬೇಕು."

ರಿಜಿಸ್ಟರಿನಲ್ಲಿ ಸರಿಯಾಗಿ ನೂರು ಪುಟ. ಆಮೇಲೆ ನಾನು ತಮಾಷೆ ಮಾಡಲು ಹೋಗಲಿಲ್ಲ.

ಕಾವೇರಿ ದಂಡೆಯಲ್ಲಿ, ನದಿ ಕವಲೊಡೆದು ಕಾಡಿನೊಳಗೆ ನುಗ್ಗುವ ಜಾಗದಲ್ಲಿ, ಮೀನುಗೂಬೆ ಇದೆಯೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ದೋಣಿಯಲ್ಲೇ ಹೋಗಬೇಕು. ನಾನು ರಜೆ ಹಾಕಿದೆ. ಆಶ್ಚರ್ಯವೆಂದರೆ ಅಕ್ಕನೂ ಹೊರಟಳು. ಧನುರ್ಮಾಸದಲ್ಲಿ ಕಾವೇರಿ ಸ್ನಾನವಾಗುತ್ತದೆ, ಅದಕ್ಕಷ್ಟೇ ಬರುತ್ತಿದ್ದೇನೆ, ಗೂಬೆ ನೋಡುವ ದರಿದ್ರ ತನಗೇನೂ ಬಂದಿಲ್ಲ ಎಂದು ಮೊದಲೇ ಸ್ಪಷ್ಟಪಡಿಸಿದಳು. ಮಂಕಿ ಕ್ಯಾಪು, ಮಫ್ಲರು, ಎರಡು ಸ್ವೆಟರು ಧರಿಸಿದ ಭಾವ ನಸುಕಿನ ಮೊದಲ ಬಸ್ಸಿನಲ್ಲಿ ಕೂತಿದ್ದನ್ನು ನೋಡಿದವರು ಹಿಮಾಲಯಕ್ಕೆ ಟಿಕೆಟು ಕೇಳುತ್ತಾರೇನೋ ಅಂದುಕೊಂಡಿರಬೇಕು.

ನಾವು ದೋಣಿ ಹತ್ತಿದಾಗ ನದಿಯ ಮೇಲೆ ಇನ್ನೂ ಮಂಜು ಇತ್ತು. ಅಂಬಿಗ ಐವತ್ತರ ಆಸುಪಾಸಿನವನು, ಮಾತು ಕಡಿಮೆ. ಭಾವ ದೋಣಿಯ ಹಿಂಬದಿಯಲ್ಲಿ ಮುಂದಕ್ಕೆ ಮುಖ ಮಾಡಿ ಕುಳಿತರು. ಅಕ್ಕ, ಹಕ್ಕಿಗಳು ಕಣ್ಣಿಗೆ ಬಿದ್ದು ಪ್ರತಿಜ್ಞೆ ಕೆಟ್ಟೀತೆಂದು, ದಾರಿಗೆ ಬೆನ್ನು ಹಾಕಿ, ಭಾವನ ಎದುರಿಗೇ ಕುಳಿತಳು. ಕುಳಿತು ಏನು ಮಾಡಿದಳು ಗೊತ್ತೇ? ಚೀಲದಿಂದ ಒಂದು ಡಬರಿ ತೆಗೆದಳು. ಅದರಲ್ಲಿ ಹಿಂದಿನ ದಿನವೇ ನೆನೆಹಾಕಿದ ಅವರೆಕಾಳು! ವಾಪಸು ಹೋಗಿ ಹಿತಕಿದವರೆ ಸಾರು ಮಾಡಬೇಕಂತೆ, ಕೈ ಸುಮ್ಮನಿರುವುದೇಕಂತೆ. ಇಕ್ಕೆಲದಲ್ಲಿ ಬಾಗಿದ ಹೊಳೆಮತ್ತಿ ಮರಗಳು, ಕೊಂಬೆಕೊಂಬೆಗೂ ಬೆಳ್ಳಕ್ಕಿ, ನೀರಿನಲ್ಲಿ ಅವುಗಳ ನೆರಳು. ಇವಳು ಚಿಟುಕ್ ಚಿಟುಕ್ ಎಂದು ಕಾಳು ಹಿತಕಿ, ಬೇಳೆಯನ್ನು ಡಬರಿಗೂ ಸಿಪ್ಪೆಯನ್ನು ಕಾವೇರಿಗೂ ಹಾಕುತ್ತಿದ್ದಳು. ದೋಣಿಯ ಹಿಂದೆ ಮೀನುಗಳ ಒಂದು ಮೆರವಣಿಗೆಯೇ ಹೊರಟಿತು.

ಒಂದು ಗಂಟೆ, ಎರಡು ಗಂಟೆ. ಕಂಡ ಹಕ್ಕಿಗಳೆಲ್ಲ ಈ ಮೊದಲೇ ನೋಂದಣಿಯಾದವು. ಕವಲು ಕಿರಿದಾಗಿ, ಮರಗಳು ಮೇಲೆ ಕೂಡಿಕೊಂಡು, ಬೆಳಕು ಮಬ್ಬಾಯಿತು. ಅಲ್ಲಿ ಭಾವನೊಳಗಿನ ಗುಮಾಸ್ತ ಎಚ್ಚರಗೊಂಡರು. ಹಕ್ಕಿ ಸಿಕ್ಕಮೇಲೆ ಹುಡುಕುತ್ತ ಕೂರುವುದು ಬೇಡ, ಅಂಬಿಗನದೂ ಹೆಬ್ಬೆಟ್ಟೇ ಇರಬಹುದು, ಈಗಲೇ ಇಂಕ್ ಪ್ಯಾಡ್ ತೆಗೆದಿಡು ಎಂದು ನನಗೆ ಅಪ್ಪಣೆಯಾಯಿತು. ನಾನು ಚೀಲದೊಳಗೆ ತಲೆ ಹಾಕಿದೆ. ಚಿತ್ರಾನ್ನದ ಡಬ್ಬಿ, ಟವೆಲು, ಅಮೃತಾಂಜನದಂಥದ್ದೊಂದು ಶೀಷೆ, ಎಲ್ಲ ಸಿಕ್ಕವು. ಇಂಕ್ ಪ್ಯಾಡ್ ಮಾತ್ರ ತಳದಲ್ಲೆಲ್ಲೋ ಇತ್ತು.

"ಗೂಬೆ," ಎಂದರು ಭಾವ, ಉಸಿರಿನಲ್ಲಿ.

ನಾನು ಚೀಲದಿಂದ ತಲೆ ತೆಗೆಯುವಷ್ಟರಲ್ಲಿ ಒಂದು ಕೊಂಬೆ ಅಲ್ಲಾಡುತ್ತಿತ್ತು, ಅಷ್ಟೇ. ಅಂಬಿಗನ ಕಡೆ ತಿರುಗಿದೆ. ಆತ ಎರಡು ಕಣ್ಣನ್ನೂ ಗಟ್ಟಿಯಾಗಿ ಮುಚ್ಚಿ, ಮೇಲೆ ಒಂದು ಕೈ ಬೇರೆ ಇಟ್ಟುಕೊಂಡಿದ್ದ! ಬೆಳಿಗ್ಗೆ ಬೆಳಿಗ್ಗೆ ಗೂಬೆ ಮುಖ ನೋಡಿದರೆ ಮನೆಗೆ ಒಳ್ಳೆಯದಲ್ಲವೆಂದು, ಹೆಸರು ಕಿವಿಗೆ ಬಿದ್ದ ಕೂಡಲೇ ಮುಚ್ಚಿದನಂತೆ. ಅಲ್ಲಿಗೆ ಹದಿನೆಂಟು ವರ್ಷ ಕಾದ ನೂರನೆಯ ಹಕ್ಕಿಗೆ ಇದ್ದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬ ಕಣ್ಣು ಮುಚ್ಚಿದ್ದ, ಇನ್ನೊಬ್ಬ ಚೀಲದಲ್ಲಿದ್ದ.

ಭಾವ ದೂರದರ್ಶಕ ಕೆಳಗಿಳಿಸಿದರು. ನನಗೆ ತಡೆಯಲಾಗಲಿಲ್ಲ. ಒಂದು ಕ್ಷಣ ನಾನೂ ನೋಡಿದೆ, ಕಂದುಬಣ್ಣ ಇತ್ತು ಎಂದು ಸುಳ್ಳು ಹೇಳಿದೆ. ನೀನು ನೋಡಲಿಲ್ಲ ಬಿಡು ಎಂದರು, ಕೋಪವಿಲ್ಲದೆ. ಇನ್ನೊಂದು ಸುತ್ತು ಹೋಗೋಣವೇ ಎಂದು ಅಂಬಿಗನನ್ನು ಕೇಳಿದೆ. ಮುಂದೆ ನೀರಿಲ್ಲ, ಬರೀ ಬಂಡೆ, ಹಾರಿಹೋದದ್ದು ಇವತ್ತು ಮತ್ತೆ ಕೂರುವುದಿಲ್ಲ ಎಂದ. ಭಾವ ರಿಜಿಸ್ಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಖಾಲಿಯಿದ್ದ ಕೊನೆಯ ಪುಟವನ್ನು ಸುಮ್ಮನೆ ಸವರಿದರು, ಮುಚ್ಚಲು ಹೋದರು.

"ಬರೀರಿ," ಎಂದಳು ಅಕ್ಕ. "ನಾನು ಸಾಕ್ಷಿ."

ಅವಳ ಬೆನ್ನು ಮರದ ಕಡೆಗಿತ್ತು, ಅದು ಮೂವರಿಗೂ ಗೊತ್ತಿತ್ತು. ಆದರೂ ಭಾವ, ಅಭ್ಯಾಸಬಲ ನೋಡಿ, ಪಾಟೀಸವಾಲು ಶುರು ಮಾಡಿಬಿಟ್ಟರು.

"ಕಣ್ಣು ಯಾವ ಬಣ್ಣ?"

"ಹಕ್ಕೀದು ನಾನು ನೋಡ್ಲಿಲ್ಲ," ಎಂದಳು ಅಕ್ಕ. "ನಿಮ್ಮ ಕಣ್ಣು ನೋಡ್ತಾ ಇದ್ದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅದು ಹಾಗೆ ಆಗಿದ್ದು ನಾನು ಕಂಡಿಲ್ಲ. ಅಲ್ಲಿ ಗೂಬೆ ಇತ್ತು. ಕೊಡಿ ಪೆನ್ನು."

ಕಾನೂನಿನ ಪ್ರಕಾರ ಈ ಸಾಕ್ಷ್ಯ ನಿಲ್ಲುವುದಿಲ್ಲ. ಮೇಷ್ಟ್ರನ್ನು ಒಂದು ಕಾಲಿನ ಬಣ್ಣಕ್ಕೆ ತಿರಸ್ಕರಿಸಿದ ಮನುಷ್ಯ ಇದನ್ನು ಹೇಗೆ ಒಪ್ಪಿಯಾರು? ಭಾವ ತಲೆಯೆತ್ತಿ ಅವಳನ್ನು ನೋಡಿದರು. ಆಮೇಲೆ ಪುಟ ಬಿಡಿಸಿ, ಪೂರ್ವಕ್ಕೆ ಹೊಳೆಮತ್ತಿ, ಪಶ್ಚಿಮಕ್ಕೆ ಬಂಡೆ ಎಂದು ಬರೆಯತೊಡಗಿದರು. ಉತ್ತರ, ದಕ್ಷಿಣ ಎರಡಕ್ಕೂ ನೀರು. ಬರೆದು ಮುಗಿಸಿ ಪೆನ್ನು ಅವಳಿಗೆ ಕೊಟ್ಟರು. ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು, ತನ್ನ ಪೂರ್ತಿ ಹೆಸರನ್ನು ದುಂಡಗೆ ಬರೆದಳು. ಬರೆದಾದ ಮೇಲೆ ಭಾವನ ಮಫ್ಲರನ್ನು ಸರಿಮಾಡಿ, ಮತ್ತೆ ಅವರೆಕಾಳಿಗೆ ಕೈ ಹಾಕಿದಳು.

ನಾನು ಮೂವತ್ತು ದಾಟಿದ ಗಂಡಸು. ಅಂಬಿಗನ ಎದುರು ಅಳುವುದು ಚೆನ್ನಾಗಿರುವುದಿಲ್ಲ. ಇಂಕ್ ಪ್ಯಾಡ್ ಇನ್ನು ಯಾರಿಗೂ ಬೇಕಿರಲಿಲ್ಲವಾದರೂ, ಇನ್ನೂ ಸ್ವಲ್ಪ ಹೊತ್ತು ಚೀಲದೊಳಗೆ ತಲೆಹಾಕಿ ಅದನ್ನೇ ಹುಡುಕಿದೆ.