ಜೋಂಬಿಗಳದು ಯಾವೂರು?

ನನ್ನ ಸೋದರತ್ತೆಗೆ ದೆವ್ವಗಳ ಭಯವಿಲ್ಲ. ದೆವ್ವಗಳಿಗೇ ಆಕೆಯ ಭಯವಿರಬೇಕೆಂದು ನನ್ನ ಅನುಮಾನ. ಎದುರಿಗೆ ಬಂದವರು ಬದುಕಿದ್ದಾರೋ ಸತ್ತಿದ್ದಾರೋ ಎಂಬುದು ಆಕೆಗೆ ಮುಖ್ಯವಲ್ಲ. ಯಾವೂರು, ಯಾರ ಮನೆ, ಬೆಳಿಗ್ಗೆ ಏನು ಉಂಡಿರಿ, ಈ ಮೂರಕ್ಕೆ ಉತ್ತರ ಸಿಗಬೇಕು. ಉತ್ತರ ಕೊಡದೆ ಆಕೆಯನ್ನು ದಾಟಿ ಹೋದ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ದೆವ್ವವಾದರೂ ಎಷ್ಟು ಹೊತ್ತು ತಡೆದುಕೊಂಡೀತು?

ಅತ್ತೆ ಎಂದರೆ ಅಪ್ಪನ ತಂಗಿ. ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ ಸರ್ಕಾರಿ ನರ್ಸ್ ಆಗಿ ಮನೆಮನೆ ತಿರುಗಿದವಳು. ಮಕ್ಕಳಿಗೆ ಚುಚ್ಚುಮದ್ದು, ಬಸುರಿಯರಿಗೆ ಗುಳಿಗೆ, ಬಾವಿಗೆ ಬ್ಲೀಚಿಂಗ್ ಪುಡಿ. ನಿವೃತ್ತಿಯಾಗಿ ಆರು ವರ್ಷವಾಯಿತು. ಸರ್ಕಾರ ಕೆಲಸವನ್ನು ವಾಪಸ್ ತೆಗೆದುಕೊಂಡಿತು, ಪ್ರಶ್ನೆಗಳನ್ನು ಮಾತ್ರ ಆಕೆಯ ಹತ್ತಿರವೇ ಬಿಟ್ಟಿತು.

ಒಮ್ಮೆ ಶಹರದ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಕರೆಂಟ್ ಮೀಟರ್ ನೋಡುವವನು ಬಂದ. ನಮ್ಮಲ್ಲಿಗೆ ಬಂದಿದ್ದ ಅತ್ತೆ ಬಾಗಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಅರ್ಧ ಗಂಟೆಯ ನಂತರ ನಾನು ಹೊರಗೆ ಬಂದಾಗ ಅವನೂ ಕೆಳಗೆ ಕೂತು ಸೊಪ್ಪು ಸೋಸುತ್ತ ತನ್ನ ತಂಗಿಯ ಗಂಡನ ಸ್ವಭಾವ ವರ್ಣಿಸುತ್ತಿದ್ದ. ಮೀಟರ್ ನೋಡುವುದು ಇಬ್ಬರಿಗೂ ಮರೆತುಹೋಗಿತ್ತು. ಆ ತಿಂಗಳು ನಮಗೆ ಬಿಲ್ಲು ಬರಲಿಲ್ಲ, ಅವನ ಮನೆಯ ಮದುವೆಯ ಕಾರ್ಡು ಬಂತು.

ಇಂಥವಳನ್ನು ಜೋಂಬಿ ಆಟಕ್ಕೆ ಕೂರಿಸಿದ್ದು ನಮ್ಮದೇ ತಪ್ಪು.

ಆಟ ತಂದವನು ಮಲ್ಲು. ಕಾಲೇಜಿನಲ್ಲಿ ನನ್ನ ಜೊತೆ ಓದಿದವನು, ಈಗ ನಂದೂರಿನ ಬೇಳೆ ಮಿಲ್ಲೊಂದರಲ್ಲಿ ಸೂಪರ್‌ವೈಸರ್. ವಾರವೆಲ್ಲ ತೊಗರಿಯ ಧೂಳು ಕುಡಿದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಾನೆ. ನನ್ನ ಶಾಲೆಯಲ್ಲೇ ಇಂಗ್ಲಿಷ್ ಕಲಿಸುವ ನಸ್ರೀನ್ ಕೂಡ ಬರುತ್ತಾಳೆ. ಮೂವರೂ ಇಸ್ಪೀಟಿನಲ್ಲಿ ಜಗಳವಾಡಿ ಬೇಸತ್ತಿದ್ದೆವು. ಮಲ್ಲು ಆನ್‌ಲೈನಿನಲ್ಲಿ ಹುಡುಕಿ, ಜಗಳವೇ ಇಲ್ಲದ ಆಟವೊಂದನ್ನು ತರಿಸಿದ. ಅದರಲ್ಲಿ ಆಡುವವರೆಲ್ಲ ಒಂದೇ ಪಕ್ಷ. ಹಲಗೆಯ ಮೇಲೆ ಕೋಟೆಯೊಳಗಿನ ಒಂದು ಪುರಾತನ ಊರು, ನಾಲ್ಕು ಬಾಗಿಲು. ಮಾಟಗಾರನೊಬ್ಬನ ಶಾಪದಿಂದ ಎದ್ದು ಬಂದ ಸತ್ತವರು, ಅಂದರೆ ಜೋಂಬಿಗಳು, ಪ್ರತಿ ಸರದಿಗೂ ಆ ಬಾಗಿಲುಗಳಿಂದ ನುಗ್ಗುತ್ತಾರೆ. ಊರು ತುಂಬುವ ಮೊದಲು ನಾವು ನಾಲ್ಕು ಬುರುಜುಗಳ ಮೇಲೆ ದೀಪ ಹಚ್ಚಬೇಕು. ಗೆದ್ದರೆ ಎಲ್ಲರೂ ಗೆದ್ದಂತೆ, ಸೋತರೆ ಎಲ್ಲರೂ ಸೋತಂತೆ. ಆದರೆ ಆಡಲು ನಾಲ್ಕು ಜನ ಬೇಕು.

ಅತ್ತೆ ಆ ವಾರ ಕಣ್ಣು ತೋರಿಸಲು ಕಮಲಾಪುರದಿಂದ ಬಂದು ನಮ್ಮಲ್ಲೇ ಉಳಿದಿದ್ದಳು. ಒಂದು ಚೀಲ ಕೆಂಪು ಬಾಳೆಹಣ್ಣು ತಂದಿದ್ದಳು. ಹಲಗೆಯ ಮುಂದೆ ಕೂತು, ಹೊಸ ಕನ್ನಡಕ ಏರಿಸಿ, ಬೆರಳುದ್ದದ ಒಂದು ಜೋಂಬಿಯನ್ನು ಎತ್ತಿ ಹಿಂದೆ ಮುಂದೆ ನೋಡಿದಳು.

"ಇವರದು ಯಾವೂರು?"

"ಊರಿಲ್ಲರಿ ಅತ್ತಿ, ಅವರು ಸತ್ತವರು," ಎಂದ ಮಲ್ಲು.

"ಸತ್ತವರಿಗೆ ಊರಿರಂಗಿಲ್ಲೇನು? ಮತ್ತ ಎಲ್ಲಿ ಸತ್ತರು?"

ಮಲ್ಲು ಡಬ್ಬಿಯ ಮೇಲಿನ ಮಾಟಗಾರನ ಚಿತ್ರ ತೋರಿಸಿದ. "ಶಾಪದಿಂದ ಹಿಂಗಾಗ್ಯಾರ್ರಿ. ಮಾಟ ಮಾಡ್ಯಾರ."

"ನಮ್ಮ ಹಳ್ಳ್ಯಾಗೂ ಮೊದಲ ಹಂಗೇ ಅಂತಿದ್ದರು. ಹೋಗಿ ನೋಡಿದ್ರ ಬಾವಿ ನೀರು ಕೆಟ್ಟಿರತಿತ್ತು. ಈ ಊರಾಗ ಬಾವಿ ಎಲ್ಲದ ತಮ್ಮಾ?"

ಹಲಗೆಯ ಮೇಲೆ ಬಾವಿ ಇರಲಿಲ್ಲ. ಇಷ್ಟು ದೊಡ್ಡ ಕೋಟೆ ಕಟ್ಟಿ ಒಂದು ಬಾವಿ ತೋಡದವರು ಸಾಯದೆ ಇನ್ನೇನಾದಾರು ಎಂದು ಅತ್ತೆ ನಿಟ್ಟುಸಿರು ಬಿಟ್ಟಳು. ಮಲ್ಲು ಆಕೆಗೆ ಕೊಡಲಿ ಹಿಡಿದ ವೀರನನ್ನು ಕೊಟ್ಟ. ಅತ್ತೆ ಅದನ್ನು ಮರಳಿಸಿದಳು.

"ಕೊಡಲಿ ಹಿಡಕೊಂಡು ಹೋದ್ರ ಯಾರ ಮನ್ಯಾಗ ಬಾಗಲಾ ತೆಗೀತಾರ? ಚೀಲ ಹಿಡದಾಕಿ ಯಾರರೆ ಇದ್ರ ಕೊಡು."

ಇದ್ದಳು, ಗಿಡಮೂಲಿಕೆಯ ಚೀಲ ಹೊತ್ತ ಒಬ್ಬ ವೈದ್ಯೆ. ದುರ್ಬಲಳೆಂದು ನಾವು ಯಾರೂ ಮುಟ್ಟದ ಗೊಂಬೆ. ಅತ್ತೆ ಅವಳನ್ನು ಊರೊಳಗೆ ಇಳಿಸಿ, ಬುರುಜಿನ ಕಡೆ ನೋಡದೆ, ಮನೆಯಿಂದ ಮನೆಗೆ ನಡೆಸತೊಡಗಿದಳು. ಅರ್ಧ ಊರಿನ ಸರ್ವೆ ಮುಗಿಯುವಷ್ಟರಲ್ಲಿ ಪೂರ್ತಿ ಊರು ಜೋಂಬಿಗಳ ಪಾಲಾಗಿತ್ತು. ನಾವು ಸೋತೆವು. ಮಲ್ಲು ಮುಖ ಊದಿಸಿಕೊಂಡ. ಅತ್ತೆಗೆ ಮಾತ್ರ ಆಟ ಬಹಳ ಸೇರಿತು.

"ಎಲ್ಲಾರೂ ಕೂಡೇ ಸೋಲೋ ಆಟ ನಾ ನೋಡೇ ಇದ್ದಿಲ್ಲ," ಎಂದಳು. "ಮುಂದಿನ ಐತವಾರ ಜಲ್ದಿ ಕೂಡೋಣು."

ಮುಂದಿನ ಭಾನುವಾರ ಆಕೆ ಒಂದು ನೋಟ್‌ಬುಕ್ಕಿನೊಂದಿಗೆ ಬಂದಳು. ಅದರಲ್ಲಿ ಗೆರೆ ಎಳೆದು ಹೆಸರು, ವಯಸ್ಸು, ಲಕ್ಷಣ ಎಂದು ಬರೆದಿತ್ತು. ಒಂದು ಕೈ ಇಲ್ಲದ ಜೋಂಬಿಗೆ ಗುಂಡಪ್ಪ ಎಂಬ ಹೆಸರಾಯಿತು. ಕತ್ತು ವಾರೆಯಾದದ್ದು ಸಿದ್ರಾಮ. ಹರಿದ ಗೌನಿನ ಹೆಂಗಸಿಗೆ ಕಸ್ತೂರಿಬಾಯಿ ಎಂದಿಟ್ಟು, ರಕ್ತಹೀನತೆ ಎಂದು ಎದುರಿಗೆ ಬರೆದಳು. ನಸ್ರೀನ್ ನಕ್ಕು ನಕ್ಕು ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

ಆಟದ ನಡುವೆ ಗುಂಡಪ್ಪ ಮಲ್ಲುವಿನ ವೀರನ ಎದುರಿಗೇ ಬಂದು ನಿಂತ. ಮಲ್ಲು ದಾಳ ಹಾಕಿದ, ಆರು ಬಿತ್ತು. ಒಂದೇ ಏಟಿಗೆ ಗುಂಡಪ್ಪನ ಕತೆ ಮುಗಿಯಬೇಕು. ಅತ್ತೆ ನೋಟ್‌ಬುಕ್ಕಿನಿಂದ ತಲೆಯೆತ್ತದೆ ಹೇಳಿದಳು.

"ಅವಗ ಮೂರು ಹೆಣ್ಣಮಕ್ಕಳು ಅದಾವ ತಮ್ಮಾ."

ಮಿಲ್ಲಿನಲ್ಲಿ ನಲವತ್ತು ಜನರನ್ನು ಗದರಿಸಿ ಕೆಲಸ ತೆಗೆಯುವ ಮಲ್ಲು ಒಂದು ನಿಮಿಷ ದಾಳವನ್ನೇ ನೋಡುತ್ತ ಕೂತ. ಆಮೇಲೆ ತನ್ನ ವೀರನನ್ನು ಒಂದು ಮನೆ ಹಿಂದಕ್ಕೆ ಸರಿಸಿದ. "ಹಿರೇ ಮಗಳದರೆ ಮದಿವಿ ಆಗಲಿ," ಎಂದು ಗೊಣಗಿದ. ಆ ದಿನ ಗುಂಡಪ್ಪನೇ ನಮ್ಮೆಲ್ಲರನ್ನೂ ತಿಂದ.

ಹೀಗೆ ಎಷ್ಟು ಭಾನುವಾರ ಸೋತೆವೋ. ಕೊನೆಗೆ ಅತ್ತೆಗೆ ನಿಯಮದ ಪುಸ್ತಕದ ಮೇಲೆಯೇ ಕುತೂಹಲ ಹುಟ್ಟಿತು. ಮಲ್ಲು ಅದನ್ನು ಬಾಯಿಪಾಠ ಮಾಡಿರುವುದಾಗಿ ಹೇಳುತ್ತಿದ್ದ. ಅತ್ತೆ ನಂಬಲಿಲ್ಲ. ನಸ್ರೀನಳಿಂದ ಮೊದಲ ಪುಟದಿಂದ ಸಾಲು ಸಾಲಾಗಿ ಓದಿಸಿ, ಕನ್ನಡದಲ್ಲಿ ಹೇಳಿಸಿದಳು. ನಸ್ರೀನ್ ತಾಳ್ಮೆಯಿಂದ ಓದಿದಳು. ಕೊನೆಯ ಪುಟದ ಸಣ್ಣ ಅಕ್ಷರಗಳಿಗೆ ಬಂದಾಗ ಅವಳ ದನಿ ಬದಲಾಯಿತು.

"ಮಲ್ಲು, ಇದು ಓದಿದ್ದೇನು? ವೈದ್ಯೆ ಜೋಂಬಿಯ ಬಾಜೂ ಮನ್ಯಾಗ ಒಂದು ಸರದಿ ಏನೂ ಮಾಡದ ಸುಮ್ನ ನಿಂತ್ರ, ಆ ಜೋಂಬಿ ತಿರುಗಿ ಮನುಷ್ಯ ಆಗತಾನಂತ. ನಮ್ಮ ಕಡೀಗೆ ಬರತಾನಂತ."

ಮಲ್ಲು ಪುಸ್ತಕ ಕಸಿದುಕೊಂಡು ಎರಡು ಸಲ ಓದಿದ. ಅತ್ತೆಗೆ ಆಶ್ಚರ್ಯವೇನೂ ಆಗಲಿಲ್ಲ. "ಬಾಜೂಕ ಯಾರರೆ ಕುಂತ್ರ ಅರ್ಧ ರೋಗ ಅಲ್ಲೇ ಹೋಗತದ," ಎಂದು ವೈದ್ಯೆಯನ್ನು ಗುಂಡಪ್ಪನ ಪಕ್ಕ ನಿಲ್ಲಿಸಿದಳು. ಆ ದಿನ ಗುಂಡಪ್ಪ, ಸಿದ್ರಾಮ, ಕಸ್ತೂರಿಬಾಯಿ ಸಾಲಾಗಿ ನಮ್ಮ ಕಡೆ ಬಂದರು. ನಾಲ್ಕೂ ಬುರುಜುಗಳಲ್ಲಿ ದೀಪ ಹತ್ತಿದವು. ಮಲ್ಲು ಎದ್ದು ನಿಂತು ಗುಂಡಪ್ಪನಿಗೆ ಸಲಾಂ ಹೊಡೆದ.

ಅದಾದ ಎರಡು ವಾರಕ್ಕೆ ನಸ್ರೀನಳ ತಂದೆ ತೀರಿಕೊಂಡರು.

ಗಡಿಯಾರ ರಿಪೇರಿ ಮಾಡುತ್ತಿದ್ದ ಸೌಮ್ಯ ಮನುಷ್ಯ. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ನಾನೂ ಮಲ್ಲುವೂ ಐವಾನ್-ಎ-ಶಾಹಿ ಬಡಾವಣೆಯ ಅವಳ ಮನೆಗೆ ಹೋದೆವು. ಎಷ್ಟು ಹೊತ್ತಿಗೆ ಆಯಿತು, ಮೊದಲು ಏನಾದರೂ ತ್ರಾಸಿತ್ತೇ, ಡಾಕ್ಟರ್ ಏನೆಂದರು, ಎಂದೆಲ್ಲ ಕೇಳಿದೆವು. ಅವಳು ಎಲ್ಲಕ್ಕೂ ಉತ್ತರ ಹೇಳಿದಳು, ಪಾಠ ಒಪ್ಪಿಸಿದಂತೆ. ಶಾಲೆಗೆ ಮರಳಿದ ಮೇಲೆ ನಾನು ಅವಳೊಂದಿಗೆ ಸಿಲೆಬಸ್ಸು, ಪರೀಕ್ಷೆ, ಬಿಸಿಲು, ಇಷ್ಟನ್ನೇ ಮಾತಾಡಿದೆ. ಅವಳ ತಂದೆಯ ಹೆಸರೆತ್ತಿದರೆ ಅಳು ಬಂದೀತೆಂಬ ಭಯ ನನಗೆ. ಭಾನುವಾರಗಳು ನಿಂತವು. ಸತ್ತವರು ಎದ್ದು ಬರುವ ಆಟಕ್ಕೆ ಅವಳನ್ನು ಯಾವ ಬಾಯಲ್ಲಿ ಕರೆಯುವುದು?

ಎರಡು ತಿಂಗಳಾದ ಮೇಲೆ ಅತ್ತೆಯ ಫೋನ್ ಬಂತು. "ನಸ್ರೀನಗ ಕರಕೊಂಡು ಬಾ. ಹಿತ್ತಲಿನ ಬಾಳೆಗೊನಿ ಹಣ್ಣಾಗ್ಯಾವ." ನಸ್ರೀನ್ ಬರಲಾರಳೆಂದುಕೊಂಡಿದ್ದೆ, ಬಂದಳು. ಮಲ್ಲುವೂ ಸೇರಿ ಮೂವರೂ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋದೆವು. ಉದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಮಲ್ಲು ರಸ್ತೆಯ ಗುಂಡಿಗಳ ಬಗ್ಗೆ ಒಂದೇ ಸಮನೆ ಮಾತಾಡಿದ.

ಅತ್ತೆ ಹಿಂದಿನ ದಿನ ಸಂತೆಯಿಂದ ತಂದ ಕಾಯಿಪಲ್ಲೆಯಲ್ಲಿ ಊಟವಾಯಿತು. ಹಣ್ಣು ತಿಂದೆವು. ಅತ್ತೆಯ ಕಣ್ಣು ಮಲ್ಲುವಿನ ಬ್ಯಾಗಿನ ಮೇಲೆ ಬಿತ್ತು.

"ಬ್ಯಾಗ್ ಯಾಕ ಇಷ್ಟ ಉಬ್ಬ್ಯಾದ?"

"ಏನಿಲ್ಲರಿ ಅತ್ತಿ," ಎಂದ ಮಲ್ಲು. ಅವನ ಕಿವಿ ಕೆಂಪಾಯಿತು. ಅತ್ತೆ ಅಷ್ಟರಲ್ಲಿ ಬ್ಯಾಗ್ ತೆರೆದಾಗಿತ್ತು. ಆಟದ ಡಬ್ಬಿ. ಅಭ್ಯಾಸಬಲದಿಂದ ತಂದಿದ್ದನಂತೆ. ನಾನು ಅವನನ್ನು ನುಂಗುವಂತೆ ನೋಡಿದೆ. ಅತ್ತೆ ಏನೂ ಆಗದವಳಂತೆ ಹಲಗೆ ಬಿಚ್ಚಿ, ಗೊಂಬೆಗಳನ್ನು ಒಂದೊಂದಾಗಿ ನಿಲ್ಲಿಸಿದಳು. ಯಾರೂ ದಾಳ ಮುಟ್ಟಲಿಲ್ಲ. ಆಗ ಆಕೆ ನಸ್ರೀನಳ ಕಡೆ ತಿರುಗಿದಳು.

"ಯವ್ವಾ, ನಿಮ್ಮಪ್ಪ ಹ್ಯಾಂಗ ಇದ್ದರು? ನಾ ಒಮ್ಮಿನೂ ನೋಡಲಿಲ್ಲ ನೋಡು."

ಮಲ್ಲು ನೆಲ ನೋಡಿದ. ನಸ್ರೀನ್ ಹಲಗೆಯ ಅಂಚಿನ ಒಂದು ಗೊಂಬೆಯನ್ನು ನೆಟ್ಟಗೆ ನಿಲ್ಲಿಸಿದಳು.

"ನಮ್ಮ ಅಬ್ಬಾ ರೇಡಿಯೋಕ್ಕ ಜವಾಬು ಕೊಡತಿದ್ದರ್ರಿ," ಎಂದಳು. "ವಾರ್ತೆ ಓದೋರು ನಮಸ್ಕಾರ ಅಂದ್ರ, ಕೈಯಾಗಿನ ಕೆಲಸ ಬಿಟ್ಟು ಇವರೂ ನಮಸ್ಕಾರ ಅಂತಿದ್ದರು. ನಾವು ನಕ್ಕರ, ಅಷ್ಟ ದೂರದಿಂದ ಮಾತಾಡಸ್ತಾರ, ಸುಮ್ನ ಕುಂದರೋದು ತಮೀಜ್ ಅಲ್ಲ ಅಂತಿದ್ದರು."

ಹೇಳುತ್ತ ನಕ್ಕಳು. ನಗುತ್ತಲೇ ಅತ್ತಳು. ಅತ್ತೆ ಸಮಾಧಾನ ಹೇಳಲಿಲ್ಲ, ಇನ್ನೊಂದು ಪ್ರಶ್ನೆ ಕೇಳಿದಳು. ಊಟಕ್ಕೆ ಏನು ಸೇರುತ್ತಿತ್ತು, ಸಿಟ್ಟು ಬಂದರೆ ಏನು ಮಾಡುತ್ತಿದ್ದರು, ಸಣ್ಣವಳಿದ್ದಾಗ ಏನೆಂದು ಕರೆಯುತ್ತಿದ್ದರು. ನಸ್ರೀನ್ ಹೇಳುತ್ತ ಹೋದಳು. ಮಲ್ಲು ಮೆಲ್ಲನೆ ತಲೆಯೆತ್ತಿ, "ಚಹಾಕ್ಕ ಸಕ್ಕರಿ ಎಷ್ಟು ಹಾಕೋತಿದ್ದರು?" ಎಂದು ಕೇಳಿದ. "ಅಮ್ಮಿ ನೋಡಿದ್ರ ಒಂದು ಚಮಚ, ನೋಡಲಿಲ್ಲಂದ್ರ ಮೂರು," ಎಂದಳು. ಎರಡು ತಿಂಗಳಲ್ಲಿ ನಾನು ಕೇಳಬಹುದಾಗಿದ್ದ ಪ್ರಶ್ನೆ ಇಷ್ಟು ಸಣ್ಣದಿತ್ತು.

ಕಣ್ಣೊರೆಸಿಕೊಂಡು ನಸ್ರೀನ್ ಅತ್ತೆಯನ್ನು ನೋಡಿದಳು.

"ಅತ್ತಿ, ಮಾಮಾ ಹ್ಯಾಂಗ ಇದ್ದರ್ರಿ?"

ಅತ್ತೆಯ ಕೈ ಹಲಗೆಯ ಮೇಲೆ ನಿಂತಿತು. ಎಲ್ಲರನ್ನೂ ಕೇಳುವ ಅತ್ತೆಯನ್ನು ಯಾರಾದರೂ ಏನಾದರೂ ಕೇಳಿದ್ದು ನನಗೆ ನೆನಪಿಲ್ಲ. ಮಾಮ, ಅಂದರೆ ಅತ್ತೆಯ ಗಂಡ, ತೀರಿಕೊಂಡಾಗ ನಾನು ಚಿಕ್ಕವ. ಕಿಟಕಿಯ ಪಕ್ಕದ ಮಂಚದ ಮೇಲೆ ಸದಾ ಮಲಗಿರುತ್ತಿದ್ದ ಒಬ್ಬ ಮನುಷ್ಯ, ಬಾಗಿಲಿನಿಂದಲೇ "ಶರಣ್ರಿ ಮಾಮಾ" ಎಂದು ಓಡಿಹೋಗುತ್ತಿದ್ದ ನಾನು, ಇಷ್ಟೇ ನೆನಪು.

"ಗಾಡಿ ಮ್ಯಾಲಿಂದ ಬಿದ್ದು ಸೊಂಟ ಹೋಗಿತ್ತವ್ವ," ಎಂದಳು ಅತ್ತೆ. "ಹನ್ನೊಂದು ವರ್ಷ ಆ ಮಂಚದ ಮ್ಯಾಲೇ ಇದ್ದರು. ತಿರುಗಾಡೋ ಮನುಷ್ಯ ಅವರು, ಮಂದಿ ಅಂದ್ರ ಭಾಳ ಖುಷಿ. ಸಂಜೀಗೆ ನಾ ಚಪ್ಪಲ ಬಿಡೋದ್ರಾಗ ಕೇಳತಿದ್ದರು, ಇವತ್ತ ಯಾರ್‍ಯಾರು ಸಿಕ್ಕಿದ್ದರು ಅಂತ. ಒಬ್ಬ ಮುದುಕ ಸಿಕ್ಕಿದ್ದ ಅಂದ್ರ, ಯಾವೂರವ, ಯಾರ ಮನಿಯವ, ಏನು ಉಂಡಿದ್ದ ಅಂತ ಕೇಳತಿದ್ದರು. ನನಗ ಗೊತ್ತಿಲ್ಲಂದ್ರ ಮಾರಿ ಸಣ್ಣದಾಗತಿತ್ತು. ಅದಕ್ಕ ನಾ ಎಲ್ಲಾ ಕೇಳಕೊಂಡು ಬರಾಕ ಸುರು ಮಾಡಿದೆ."

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಅವರು ಹೋದರು. ಕೇಳೋ ಚಟ ಹೋಗವಲ್ದು ನೋಡವ್ವ. ಹೇಳೋದು ಯಾರಿಗಿ?"

ನಾನು ಎದ್ದು ಹೋಗಿ ಆಕೆಯ ಹತ್ತಿರ ನೆಲದ ಮೇಲೆ ಕೂತೆ. ಏನು ಹೇಳಬೇಕೋ ತಿಳಿಯಲಿಲ್ಲ, ಹಾಗಾಗಿ ಕೇಳಿದೆ.

"ನಿನ್ನೆ ಸಂತ್ಯಾಗ ಯಾರ್‍ಯಾರು ಸಿಕ್ಕಿದ್ದರು ಅತ್ತಿ?"

ಅತ್ತೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕನ್ನಡಕ ಏರಿಸಿಕೊಂಡು, ಕಾಲು ಮಡಚಿ, ಸರಿಯಾಗಿ ಕೂತಳು.

"ಒಬ್ಬಾಕಿ ಬಳಿಗಾರ್ತಿ ಸಿಕ್ಕಿದ್ದಳು," ಎಂದಳು. "ಆಳಂದದ ಕಡ್ಯಾಕಿ. ಆಕಿ ಮನಿ ಕತಿ ಕೇಳು."