ಡಿಕಾಕ್ಷನ್ ಬಣ್ಣದ ಡೆವಲಪರ್

ಪರೀಕ್ಷೆ ಮಾಡದೆ ಯಾವುದನ್ನೂ ನಂಬಬೇಡಿ ಎಂದು ಯಳಂದೂರಿನ ಕಾಲೇಜೊಂದರಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಪಾಠ ಹೇಳಿದವನು ನಾನು. ಜಾತಕ, ಪಂಚಾಂಗ, ಮಾಂಬಳ್ಳಿ ದಾಟಿದ ಮೇಲೆ ಕಂಡಕ್ಟರು ಹೇಳುವ 'ಈಗ ಬಂದ್ಬಿಡ್ತು ಸಾ', ಎಲ್ಲವನ್ನೂ ಸಂಶಯಿಸಿದ್ದೇನೆ. ಈಚೆಗೆ ನನ್ನ ನೆನಪನ್ನೂ ಸಂಶಯಿಸುತ್ತೇನೆ. ಕನ್ನಡಕ ಹುಡುಕುವಾಗ ಮೊದಲು ಮೂಗು ಮುಟ್ಟಿ ನೋಡಿಕೊಳ್ಳುವ ಮಟ್ಟಕ್ಕೆ ಬಂದಿದ್ದೇನೆ. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಸಂಶಯಪಡುವವನು ಊರಿನವರ ಮಾತನ್ನೆಲ್ಲ ಒರೆಗೆ ಹಚ್ಚುತ್ತಾನೆ. ತನ್ನ ಮಾತನ್ನು ಮಾತ್ರ ಬಾಟಲಿಗೆ ತುಂಬಿ ಬಿರಡೆ ಬಿಗಿದು ಇಡುತ್ತಾನೆ.

ನನ್ನ ಮನೆಯಲ್ಲಿ ಅಂಥ ಬಾಟಲಿಗಳು ನಿಜವಾಗಿಯೂ ಇವೆ. ಕೊಳ್ಳೇಗಾಲದಲ್ಲಿ ಇವತ್ತಿಗೂ ಕಪ್ಪು ಬಿಳುಪು ಫೋಟೊವನ್ನು ಕತ್ತಲೆಕೋಣೆಯಲ್ಲಿ ಕೈಯಾರೆ ತೊಳೆದು ತೆಗೆಯುವವನು ಬಹುಶಃ ನಾನೊಬ್ಬನೇ. ಕತ್ತಲೆಕೋಣೆ ಎಂದರೆ ಹಿತ್ತಲ ಬಚ್ಚಲಮನೆ. ಕಿಟಕಿಗೆ ಹಳೆಯ ಕಂಬಳಿ, ಮೂಲೆಯಲ್ಲಿ ಕೆಂಪು ಬಲ್ಬು. ಬೆಳಕು ಬಿದ್ದ ಕಾಗದದ ಮೇಲೆ ಚಿತ್ರ ಮೂಡಿಸುವ ನೀರಿಗೆ ಡೆವಲಪರ್ ಎನ್ನುತ್ತಾರೆ. ಅದನ್ನು ಆರಿಸುವುದಿದೆಯಲ್ಲ, ಅದರ ಮುಂದೆ ಮಗಳಿಗೆ ಗಂಡು ಹುಡುಕುವುದು ಸುಲಭ. ಒಂದು ಬಗೆಯದು ಚಿತ್ರದ ಕಪ್ಪು ಬಣ್ಣಕ್ಕೆ ನೀಲಿ ಛಾಯೆ ಕೊಡುತ್ತದೆ, ಇನ್ನೊಂದು ಕಂದು. ಪುಡಿಯದಾದರೆ ಇಡೀ ಪೊಟ್ಟಣವನ್ನು ಒಮ್ಮೆಗೇ ಕಲಸಬೇಕು. ದ್ರವದ್ದಾದರೆ ಬೇಕಾದಷ್ಟೇ ಬಗ್ಗಿಸಿಕೊಳ್ಳಬಹುದು, ಆದರೆ ಮುಚ್ಚಳ ತೆಗೆದ ಗಳಿಗೆಯಿಂದ ಅದರ ಆಯುಷ್ಯ ಕರಗುತ್ತದೆ. ಗಾಳಿಯೇ ಅದರ ಶತ್ರು. ಅದಕ್ಕೆ ಟಾನಿಕ್ಕಿನ ಕಂದು ಬಾಟಲಿಗಳಲ್ಲಿ ಕುತ್ತಿಗೆವರೆಗೆ ತುಂಬಿ, ಮಟ್ಟ ಇಳಿದಾಗ ಗಾಜಿನ ಗೋಲಿ ಹಾಕಿ ಮತ್ತೆ ಏರಿಸುತ್ತೇನೆ. 'ಊರಲ್ಲಿ ಮಕ್ಕಳು ಗೋಲಿ ಆಡೋದು ಬಿಟ್ಟಿದ್ದು ಯಾಕೆ ಅಂತ ಈಗ ಗೊತ್ತಾಯ್ತು' ಎಂದಳು ನನ್ನ ಹೆಂಡತಿ ನಾಗರತ್ನ.

ಆರು ತಿಂಗಳು ಓದಿ, ಅಳೆದು, ತೂಗಿ, ಕೊನೆಗೆ ಯಾವುದನ್ನೂ ನಿರ್ಧರಿಸಲಾಗದೆ ಎರಡು ಬಗೆಯದನ್ನು ತರಿಸಿದೆ. ಒಂದು ಹಳೆಯ ಸೂತ್ರದ್ದು. ಇನ್ನೊಂದು ವಿಟಮಿನ್ ಸಿ ಸೇರಿಸಿದ ಹೊಸ ಬಗೆ. ಎರಡೂ ಬಾಟಲಿಗೆ ಲೇಬಲ್ಲು ಅಂಟಿಸಲಿಲ್ಲ. ಲೇಬಲ್ಲು ಇರುವುದು ವಿದ್ಯಾರ್ಥಿಗಳಿಗೆ.

ಹೀಗಿರುವಾಗ ಒಂದು ಮಧ್ಯಾಹ್ನ ಗೋವಿಂದಣ್ಣ ಬಂದ. ಅವನು ನಮ್ಮ ಬೀದಿಯವನೇ. ಮನೆತನದಲ್ಲಿ ಎಲ್ಲರೂ ಮಗ್ಗದವರು, ಇವನು ಮಾತ್ರ ರೇಷ್ಮೆ ನೂಲಿಗೆ ಬಣ್ಣ ಹಾಕುವವನು. ಮೊಣಕೈವರೆಗೆ ಎಂದೂ ಮಾಸದ ನೇರಳೆ ಬಣ್ಣ. ಅವನ ತಾಯಿ ತೀರಿಕೊಂಡು ವರ್ಷವಾಗುತ್ತಿತ್ತು, ಮಾರನೆಯ ದಿನವೇ ಎಡೆ. ಆಕೆ ಮಗ್ಗದ ಮುಂದೆ ಕೂತ ಒಂದೇ ಒಂದು ಫೋಟೊ ಇದ್ದದ್ದು, ಎಂದೋ ನಾನೇ ತೆಗೆದುಕೊಟ್ಟದ್ದು. ಅದನ್ನು ಗೆದ್ದಲು ತಿಂದಿತ್ತು. ಉಳಿದ ಚೂರನ್ನು ಅಂಗಡಿಯೊಂದರಲ್ಲಿ ಕಂಪ್ಯೂಟರಿಗೆ ಕೊಟ್ಟು ದೊಡ್ಡದು ಮಾಡಿಸಿದ್ದ. ಬಿಚ್ಚಿ ತೋರಿಸಿದ. ಬೆಳ್ಳಗೆ ಸುಣ್ಣ ಬಳಿದ ಮುಖ, ಎರಡೆಳೆ ಸರ, ಹಿಂದೆ ಹಿಮದ ಬೆಟ್ಟ.

"ಇದು ನಮ್ಮವ್ವ ಅಲ್ಲ ಕಣ್ರಿ ಸಾ. ನಮ್ಮವ್ವ ಮೂಗ್ನತ್ತು ಬಿಟ್ರೆ ಏನೂ ಇಕ್ದೋಳಲ್ಲ. ಇವಳ್ಯಾರೋ, ಇವಳ್ಗೆ ಎಡೆ ಇಕ್ಕಿದ್ರೆ ನಮ್ಮವ್ವ ಒಪ್ತಾಳಾ? ನಿಮ್ತಾವ ನೆಗಟಿವ್ ಐತಂತಲ್ಲ?"

ಇತ್ತು. ಇಂಥ ಸಂದರ್ಭಕ್ಕಾಗಿಯೇ ಜೀವಮಾನವೆಲ್ಲ ಕಾದಿದ್ದವನಂತೆ ಎದ್ದೆ. ತೊಂದರೆ ಒಂದೇ: ಡಬ್ಬದಲ್ಲಿ ಮೂರೇ ಹಾಳೆ ಕಾಗದವಿತ್ತು, ಬೆಂಗಳೂರಿನಿಂದ ಬರಬೇಕಾದ ಹೊಸ ಡಬ್ಬಕ್ಕೆ ಇನ್ನೂ ವಾರ.

ಬಾಟಲಿಗಳನ್ನು ಬಗ್ಗಿಸಿ ನೋಡಿದೆ. ಒಂದು ಡಿಕಾಕ್ಷನ್ನಿನಂತೆ ಕಂದಾಗಿತ್ತು, ಇನ್ನೊಂದು ಬಾವಿಯ ನೀರಿನಂತೆ ತಿಳಿ. ಕಂದಾದದ್ದು ಸತ್ತಿದೆ, ತಿಳಿಯದು ಬದುಕಿದೆ ಎಂದು ಘೋಷಿಸಿದೆ. "ತಿಳೀದನ್ನ ಮೊನ್ನೆ ಮಾಂಬಳ್ಳಿ ಗೃಹಪ್ರವೇಶ ಮುಗಿಸಿ ಬಂದು ತೆರೆದದ್ದು, ಚೆನ್ನಾಗಿ ನೆನಪಿದೆ."

"ಮಾಂಬಳ್ಳೀದಲ್ಲ, ಹನೂರಿನ ಮದುವೆ" ಎಂದಳು ನಾಗರತ್ನ. "ಹೋದ ಬೇಸಗೇಲಿ. ಆವತ್ತು ನೀವು ನನ್ನ ಜರಡೀಲಿ ಸೋಸಿ ಬೈಸಿಕೊಂಡ್ರಿ."

ಬೈಗುಳ ನೆನಪಿತ್ತು, ಜರಡಿ ನೆನಪಿರಲಿಲ್ಲ. ಕಣ್ಣಿಗೆ ಕಾಣುವ ಸಾಕ್ಷಿ ಇರುವಾಗ ಹೆಂಡತಿಯ ನೆನಪನ್ನು ನಂಬುವುದು ವಿಜ್ಞಾನವಲ್ಲ ಎಂದು ಬಚ್ಚಲಮನೆ ಹೊಕ್ಕೆ. ಸೆಕೆಂಡು ಎಣಿಸಲು ನಾಗರತ್ನ, ಭಕ್ತಿಗೆ ಗೋವಿಂದಣ್ಣ.

ಮೊದಲ ಹಾಳೆಗೆ ನೆಗಟಿವ್ ಮೂಲಕ ಬೆಳಕು ಬಿಟ್ಟು ತಿಳಿನೀರಿನ ತಟ್ಟೆಯಲ್ಲಿ ಮುಳುಗಿಸಿದೆ. ಒಂದು ನಿಮಿಷ, ಎರಡು, ಮೂರು. ಹಾಳೆ ಹುಣ್ಣಿಮೆಯಂತೆ ಬೆಳ್ಳಗಿತ್ತು. ಅಭ್ಯಾಸಬಲದಿಂದ ಅದನ್ನು, ಮೂಡಿದ ಚಿತ್ರ ಮತ್ತೆ ಬದಲಾಗದಂತೆ ನಿಲ್ಲಿಸುವ ಫಿಕ್ಸರಿಗೂ ಹಾಕಿ ಶಾಶ್ವತವಾಗಿ ಬೆಳ್ಳಗೆ ಮಾಡಿದೆ. ತಪ್ಪು ಕಾಗದದ್ದು, ಹಳತಾಗಿದೆ ಎಂದೆ. ಎರಡನೆಯ ಹಾಳೆಗೆ ದುಪ್ಪಟ್ಟು ಬೆಳಕು ಕೊಟ್ಟೆ. ಮತ್ತೆ ಬೆಳ್ಳಗೆ. ತಪ್ಪು ಬಲ್ಬಿನದು ಎಂದೆ. ಆಮೇಲೆ ಕೊಳ್ಳೇಗಾಲದ ನೀರಿನ ಸುಣ್ಣದಂಶದ ಬಗ್ಗೆ ಸಣ್ಣ ಉಪನ್ಯಾಸ ಮಾಡಿ ಮೂರನೆಯ ಹಾಳೆಗೆ ಕೈ ಹಾಕಿದೆ.

ಕೆಂಪು ಬೆಳಕಿನಲ್ಲಿ ಗೋವಿಂದಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡ.

"ತಡೀರಿ ಸಾ. ಅದು ಕಟ್ಟಕಡೇದು. ನೀವು ಒಂದೆಳೆ ಅದ್ದಿ ನೋಡಿದ್ರಾ?"

"ಏನು ಎಳೆ?"

"ಬಣ್ಣದ್ ನೀರ್ಗೆ ನೂಲಿನ್ ಲಡಿ ಇಳ್ಸೋಕ್ ಮುಂಚೆ ಒಂದೆಳೆ ನೂಲು ಅದ್ದಿ ನೋಡ್ತೀವಿ. ಬಣ್ಣ ಇಡ್ಕಂಡ್ರೆ ಲಡಿ ಇಳ್ಸು. ಇಡೀದಿದ್ರೆ ನೀರು ಚೆಲ್ಲು. ಕಣ್ಣಲ್ ನೋಡುದ್ರೆ ಬಣ್ಣ ಗೊತ್ತಾಯ್ತದಾ? ಬಣ್ಣದ್ ಕೆಲ್ಸದಲ್ಲಿ ಇದ್ನ ಆರ್ವರ್ಸದ್ ಐಕ್ಳಿಗೂ ಏಳ್ಕೊಡ್ತಾರೆ. ನಿಮ್ಗೆ ಎಮ್ಮೆಸ್ಸೀಲಿ ಏಳ್ಕೊಡ್ನಿಲ್ವಾ?"

ಹೇಳಿಕೊಟ್ಟಿದ್ದರು. ನಾನೂ ಹೇಳಿಕೊಟ್ಟಿದ್ದೆ, ವರ್ಷ ವರ್ಷವೂ.

ಫಿಕ್ಸರಿಗೆ ಹಾಕಲು ಮರೆತು ತಿಳಿನೀರಿನಲ್ಲಿ ಇನ್ನೂ ತೇಲುತ್ತಿದ್ದ ಎರಡನೆಯ ಹಾಳೆಯ ಮೂಲೆಯನ್ನು ಗೋವಿಂದಣ್ಣ ಹರಿದ. ನಾನು 'ಸತ್ತದ್ದು' ಎಂದು ಪಕ್ಕಕ್ಕಿಟ್ಟಿದ್ದ ಡಿಕಾಕ್ಷನ್ನನ್ನು ಬೇರೆ ತಟ್ಟೆಗೆ ಸುರಿದು ಆ ಚೂರನ್ನು ಅದ್ದಿದ್ದಾಯಿತು. ನಾಗರತ್ನ ಹತ್ತರವರೆಗೆ ಎಣಿಸುವಷ್ಟರಲ್ಲಿ ಚೂರಿನ ಮೇಲೆ ಮಗ್ಗದ ಒಂದು ಕಾಲು ಮೂಡಿತು. ಉಳಿದ ಹಾಳೆಯನ್ನೂ ಇಳಿಸಿದೆವು. ಮೊದಲು ಮೂಗುತಿಯ ಸುತ್ತಲಿನ ನೆರಳು, ಆಮೇಲೆ ಕಣ್ಣು, ಆಮೇಲೆ ಲಾಳಿ ಹಿಡಿದ ಕೈ. ದುಪ್ಪಟ್ಟು ಬೆಳಕಿನಿಂದ ಮುದುಕಿ ತುಸು ಹೆಚ್ಚೇ ಕಪ್ಪಾಗಿದ್ದಳು.

"ಅವ್ವಾ" ಎಂದ ಗೋವಿಂದಣ್ಣ. ಎಣಿಕೆ ತಪ್ಪಿದ ನಾಗರತ್ನ ಮತ್ತೆ ಒಂದರಿಂದ ಶುರುಮಾಡಿದಳು.

ಮೂರನೆಯ ಹಾಳೆ ಸರಿಯಾಗಿ ಬಂತು. ಮಾರನೆಯ ದಿನ ಹಾರ ಬಿದ್ದದ್ದು ಅದಕ್ಕೆ. ಆ ಸಂಜೆ ಪುಸ್ತಕ ತೆರೆದು ನೋಡಿದೆ. ಹಳೆಯ ಸೂತ್ರದ ಡೆವಲಪರ್ ಕಂದಾದರೂ ಕೆಲವು ಕಾಲ ಕೆಲಸ ಮಾಡುತ್ತದೆ. ವಿಟಮಿನ್ ಸಿ ಇರುವುದು ತಿಳಿಯಾಗಿದ್ದುಕೊಂಡೇ ಪ್ರಾಣ ಬಿಡುತ್ತದೆ, ಒಂದು ಸೂಚನೆಯನ್ನೂ ಕೊಡುವುದಿಲ್ಲ. ಆ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ 'ಮುಖ್ಯ' ಎಂದು ಬರೆದಿತ್ತು. ಅಕ್ಷರ ನನ್ನದೇ.

ಇಷ್ಟಾದ ಮೇಲೆ ಇದನ್ನು ಬರೆಯುವುದೇಕೆ ಎಂದರೆ, ಹೋದ ವಾರ ಹಳೆಯ ಸಹೋದ್ಯೋಗಿಯೊಬ್ಬರಿಗೆ ಈ ಕತೆ ಹೇಳುವಾಗ ಚೂರು ಅದ್ದಿ ನೋಡುವ ಉಪಾಯ ನನಗೇ ಹೊಳೆಯಿತು ಎಂದುಬಿಟ್ಟೆ. ಹೇಳುವಾಗ ಅದು ನಿಜವೆಂದೇ ಅನ್ನಿಸುತ್ತಿತ್ತು. ಇನ್ನೊಂದು ವರ್ಷ ಬಿಟ್ಟರೆ ಸುಳ್ಳು ಪೂರ್ತಿ ತಿಳಿಯಾಗಿ ನೆನಪಿನ ಬಾಟಲಿಯಲ್ಲಿ ಕೂತುಬಿಡುತ್ತದೆ. ಅದಕ್ಕೇ ಈಗಲೇ ಲೇಬಲ್ಲು ಅಂಟಿಸಿಬಿಡೋಣವೆಂದು, ಉಪಾಯ ಗೋವಿಂದಣ್ಣನದು, ಮೂಲೆ ಹರಿದವನೂ ಗೋವಿಂದಣ್ಣನೇ ಎಂದು ಪ್ರಾಮಾಣಿಕವಾಗಿ ಬರೆದು, ನಾಗರತ್ನಳಿಗೆ ಓದಲು ಕೊಟ್ಟೆ.

ಅವಳು ಓದಿ ಮಡಿಸಿ ಕೊಟ್ಟಳು. "ಚೆನ್ನಾಗಿದೆ. ಆದರೆ ಹರಿದದ್ದು ನಾನು. ಗೋವಿಂದಣ್ಣ ಅವರವ್ವನ ಫೋಟೊ ಹರಿಯೋಕೆ ಕೈ ಬರದೆ ನನ್ನ ಕೈಗೆ ಕೊಟ್ಟ. ನೀವು ಆಗ ನೀರಿನ ಸುಣ್ಣದ ಬಗ್ಗೆ ಇನ್ನೂ ಮಾತಾಡ್ತಾ ಇದ್ರಿ."

ಗೋವಿಂದಣ್ಣನನ್ನು ಕೇಳಿ ಪರೀಕ್ಷಿಸಬಹುದು. ಅವನ ಮನೆ ನಾಲ್ಕು ಬಾಗಿಲ ಆಚೆಗಿದೆ. ಇನ್ನೂ ಹೋಗಿಲ್ಲ.